ಖಾಕಿ ಇದೆ, ಆದೇಶದಲ್ಲಿ ಹೆಸರಿಲ್ಲ

(ದಾವಣಗೆರೆಯಲ್ಲಿ ಗೃಹರಕ್ಷಕರು ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ವಕೀಲರೊಬ್ಬರು ಆಡಿದ ಮಾತುಗಳ ಬರಹ ರೂಪ)

ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ಇಲ್ಲಿ ಖಾಕಿ ಹಾಕಿಕೊಂಡು ಕೂತಿರುವವರಲ್ಲಿ ಎಷ್ಟು ಜನ ಕಳೆದ ಗಣೇಶ ವಿಸರ್ಜನೆಗೆ ಡ್ಯೂಟಿ ಮಾಡಿದ್ದೀರಿ? ಕೈ ಎತ್ತಿ. ಸರಿ, ಹೆಚ್ಚು ಕಡಿಮೆ ಎಲ್ಲರೂ. ಅವತ್ತು ನಿಮ್ಮನ್ನು ಡ್ಯೂಟಿಗೆ ಕರೆದ ಆದೇಶದ ಪ್ರತಿ ಎಷ್ಟು ಜನರ ಹತ್ತಿರ ಇದೆ? ಒಂದು, ಎರಡು. ಎರಡೇ ಕೈ. ಇವತ್ತಿನ ನನ್ನ ಮಾತೆಲ್ಲ ಕೆಳಗೆ ಇಳಿದ ಆ ಉಳಿದ ಕೈಗಳ ಬಗ್ಗೆ.

ಅರೆಕಾಲಿಕ ಪೊಲೀಸರಿಗೆ ಜಾಸ್ತಿ ಅಧಿಕಾರ ಕೊಡಬೇಕಾ, ಜಾಸ್ತಿ ರಕ್ಷಣೆ ಕೊಡಬೇಕಾ ಅನ್ನುವುದು ನನಗೆ ಕೊಟ್ಟ ವಿಷಯ. ನಮ್ಮಲ್ಲಿ ಅರೆಕಾಲಿಕ ಪೊಲೀಸ್ ಅಂದರೆ ಹೋಂ ಗಾರ್ಡ್, ಅಂದರೆ ಗೃಹರಕ್ಷಕ ದಳದವರು. ನಾನು ಲಾ ಓದುವಾಗ ಮೂರು ವರ್ಷ ನಿಮ್ಮ ದಳದಲ್ಲಿದ್ದೆ. ಭಾನುವಾರ ಬೆಳಿಗ್ಗೆ ಪರೇಡ್, ಹಬ್ಬ ಬಂದರೆ ಬಂದೋಬಸ್ತ್, ಚುನಾವಣೆ ಬಂದರೆ ಮತಗಟ್ಟೆ. ದುಗ್ಗಮ್ಮನ ಜಾತ್ರೆಯಲ್ಲಿ ರಾತ್ರಿಯಿಡೀ ನಿಂತು, ಬೆಳಗಿನ ಜಾವ ಮಂಡಕ್ಕಿ ಮೆಣಸಿನಕಾಯಿ ತಿಂದು, ಹಾಗೇ ಕಾಲೇಜಿಗೆ ಹೋಗಿದ್ದೂ ಇದೆ. ಹಾಗಾಗಿ ಹೊರಗಿನವನಾಗಿ ಮಾತಾಡುತ್ತಿಲ್ಲ.

ನೇರವಾಗಿ ಒಂದು ಪ್ರಕರಣಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದಿನದು, ಆಗ ಇನ್ನೂ ಹಳೆಯ ದಂಡ ಸಂಹಿತೆ, ಅಂದರೆ ಐಪಿಸಿ, ಜಾರಿಯಲ್ಲಿತ್ತು. ಚೌಕಿಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ. ಹಗಲು ಥಾನು ಬಿಚ್ಚಿ ಮಡಚುವ ಕೆಲಸ, ಕರೆದಾಗ ಹೋಂ ಗಾರ್ಡ್ ಡ್ಯೂಟಿ. ವಿಸರ್ಜನೆಯ ರಾತ್ರಿ ಅವನನ್ನು ಒಂದು ಅಡ್ಡರಸ್ತೆಯ ಬ್ಯಾರಿಕೇಡ್ ಹತ್ತಿರ ನಿಲ್ಲಿಸಿದ್ದರು. ಈ ಕಡೆಯಿಂದ ಒಂದು ಗಾಡಿಯೂ ಮೆರವಣಿಗೆಗೆ ನುಗ್ಗಬಾರದು, ಅಷ್ಟೇ ಸೂಚನೆ. ಕೈಯಲ್ಲಿ ಲಾಠಿ, ಬಾಯಲ್ಲಿ ಸೀಟಿ. ಹತ್ತೂವರೆ ಹೊತ್ತಿಗೆ ಒಂದು ಬೈಕಿನಲ್ಲಿ ಮೂವರು ಬಂದರು. ಬ್ಯಾರಿಕೇಡ್ ಸರಿಸಲು ನೋಡಿದರು. ಇವನು ಬೈಕಿನ ಹ್ಯಾಂಡಲ್ ಹಿಡಿದುಕೊಂಡ. ಬಾಯಿಗೆ ಬಂದಂತೆ ಬೈದರು. ಇವನು ಬಿಡಲಿಲ್ಲ. ಹಿಂದಿನಿಂದ ಒಬ್ಬ ಪೇದೆ ಬರುವುದು ಕಂಡು ಅವರು ಗಾಡಿ ತಿರುಗಿಸಿಕೊಂಡು ಹೋದರು. ಆ ಗಲ್ಲಿಯ ಆಚೆ ಹೆಂಗಸರು ಮಕ್ಕಳು ಕಿಕ್ಕಿರಿದು ಮೆರವಣಿಗೆ ನೋಡುತ್ತಿದ್ದರು. ಆ ಬೈಕ್ ಒಳಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನೀವೇ ಯೋಚನೆ ಮಾಡಿ.

ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಅದೇ ಮೂವರು ಅಂಗಡಿಗೆ ಬಂದರು. ಹುಡುಗ ಗಿರಾಕಿ ಮುಂದೆ ಸೀರೆ ಬಿಚ್ಚಿ ತೋರಿಸುತ್ತಿದ್ದ. ಮೈಮೇಲೆ ಖಾಕಿ ಇಲ್ಲ, ಅಂಗಡಿಯ ನೀಲಿ ಶರ್ಟು. "ನಿನ್ನೆ ಭಾರಿ ಪೊಲೀಸ್ ಆಗಿದ್ದೆಯಲ್ಲ" ಅಂತ ಹೊರಗೆ ಎಳೆದು ಹೊಡೆದರು. ತುಟಿ ಒಡೆಯಿತು, ಒಂದು ಕಿವಿ ಊದಿಕೊಂಡಿತು. ಠಾಣೆಗೆ ಹೋದರೆ, ಇಬ್ಬರು ಖಾಸಗಿಯವರ ಜಗಳ ಅಂತ ಎನ್‌ಸಿ ಬರೆದು ಕಳಿಸಿದರು. ಎನ್‌ಸಿ ಅಂದರೆ ಗೊತ್ತಲ್ವಾ, ನಾನ್ ಕಾಗ್ನಿಜಬಲ್, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಸಾಧಾರಣ ಪೆಟ್ಟಿಗೆ ಆಗ 323ನೇ ಕಲಂ ಇತ್ತು, ಈಗ ಐಪಿಸಿ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 115. ಎರಡೂ ಇದೇ ಜಾತಿಯವು.

ಅವನು ನನ್ನ ಹತ್ತಿರ ಬಂದಾಗ ಕೇಳಿದ್ದು ಒಂದೇ ಮಾತು. "ಅಣ್ಣಾ, ಡ್ಯೂಟಿ ಮುಗಿದಿತ್ತಲ್ಲ, ಹಂಗಾಗಿ ನಂಗೆ ಕಾನೂನು ಇಲ್ವಾ?"

ಕಾನೂನು ಇತ್ತು. ಇದನ್ನು ಇಲ್ಲಿರುವ ಪ್ರತಿಯೊಬ್ಬ ಗೃಹರಕ್ಷಕರೂ ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮ ರಾಜ್ಯದ ಗೃಹರಕ್ಷಕರ ಕಾಯ್ದೆ 1962ರದು. ಡ್ಯೂಟಿಗೆ ಕರೆದಾಗ ಗೃಹರಕ್ಷಕನಿಗೆ ಪೊಲೀಸ್ ಅಧಿಕಾರಿಗೆ ಇರುವಂಥ ಅಧಿಕಾರ ಮತ್ತು ರಕ್ಷಣೆ ಇರುತ್ತದೆ. ಅವನು ಸಾರ್ವಜನಿಕ ನೌಕರ. ಸಾರ್ವಜನಿಕ ನೌಕರನ ಮೇಲೆ ಕೈ ಮಾಡಿದರೆ ಐಪಿಸಿಯಲ್ಲಿ 353ನೇ ಕಲಂ, 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 132. ಆ ಕಲಂ ಮೂರು ಸಂದರ್ಭ ಹೇಳುತ್ತದೆ. ಕರ್ತವ್ಯ ಮಾಡುತ್ತಿರುವಾಗ ಹೊಡೆಯುವುದು ಒಂದು. ಕರ್ತವ್ಯ ಮಾಡದಂತೆ ತಡೆಯಲು ಹೊಡೆಯುವುದು ಇನ್ನೊಂದು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ಕರ್ತವ್ಯದಲ್ಲಿ ಮಾಡಿದ ಕೆಲಸದ ಕಾರಣಕ್ಕೆ ಹೊಡೆಯುವುದು. ಅದು ಮರುದಿನವೂ ಆಗಬಹುದು, ತಿಂಗಳು ಬಿಟ್ಟೂ ಆಗಬಹುದು, ಮೈಮೇಲೆ ನೀಲಿ ಶರ್ಟು ಇದ್ದಾಗಲೂ ಆಗಬಹುದು. ಇದಕ್ಕೆ ಎರಡು ವರ್ಷದವರೆಗೆ ಶಿಕ್ಷೆ, ಜಾಮೀನು ಹಕ್ಕಾಗಿ ಸಿಗುವುದಿಲ್ಲ, ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು. ಪೆಟ್ಟೂ ಆಗಿದ್ದರೆ ಈಗಿನ 121ನೇ ಕಲಮಿನಲ್ಲಿ ಐದು ವರ್ಷದವರೆಗೆ ಹೋಗುತ್ತದೆ.

ಹಾಗಾದರೆ ಎನ್‌ಸಿ ಯಾಕಾಯಿತು? ನಾನು ಠಾಣೆಗೆ ಹೋಗಿ, ದಾಖಲೆ ನೋಡಿಕೊಳ್ಳುವ ರೈಟರ್ ಹತ್ತಿರ ಕೂತೆ. ಅವರು ಒಳ್ಳೆಯ ಮನುಷ್ಯ, ಬಂದೋಬಸ್ತ್ ಆದೇಶ ತೆಗೆದು ತೋರಿಸಿದರು. ಪಿಎಸ್ಐ ಹೆಸರು ಇದೆ, ಎಎಸ್ಐ ಹೆಸರು ಇದೆ, ಪೇದೆಗಳ ಹೆಸರು ನಂಬರ್ ಸಮೇತ ಇದೆ. ಕೊನೆಯ ಸಾಲಿನಲ್ಲಿ "ಗೃಹರಕ್ಷಕರು – 20". ಅಷ್ಟೇ. ಇಪ್ಪತ್ತು ಜನ. ಹೆಸರಿಲ್ಲ. ಕುರ್ಚಿ ಇಪ್ಪತ್ತು, ಮೈಕ್ ಎರಡು ಅಂತ ಬರೆಯುತ್ತೇವಲ್ಲ, ಹಾಗೆ. ಘಟಕದ ಹಾಜರಿ ಪುಸ್ತಕದಲ್ಲಿ ಇವನ ಹೆಸರು ಇತ್ತು, ಆದರೆ ಯಾವ ಜಾಗ ಅಂತ ಇರಲಿಲ್ಲ. ಜಾಗ ಹೇಳಿದ್ದು ಬಾಯಿ ಮಾತಿನಲ್ಲಿ. ಆ ರಾತ್ರಿ ಆ ಬ್ಯಾರಿಕೇಡ್ ಹತ್ತಿರ ಕಾನೂನಿನ ಪ್ರಕಾರ ನಿಂತಿದ್ದವನು ಇವನೇ ಅಂತ ಹೇಳುವ ಒಂದು ತುಂಡು ಕಾಗದ ಇರಲಿಲ್ಲ.

ಪಾಟೀ ಸವಾಲಿನಲ್ಲಿ ಎದುರು ವಕೀಲರು ಏನು ಕೇಳುತ್ತಾರೆ ಅಂತ ನನಗೆ ಗೊತ್ತು. ಆರೋಪಿ ಪರ ನಿಂತಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. "ನಿಮ್ಮನ್ನು ಯಾರು ನೇಮಿಸಿದರು? ಆದೇಶ ಎಲ್ಲಿ? ಅದರಲ್ಲಿ ನಿಮ್ಮ ಹೆಸರು ತೋರಿಸಿ." ಅಲ್ಲಿಗೆ ಮುಗಿಯಿತು. ನಾವು ಪೇದೆಯ ಹೇಳಿಕೆ, ಫೋಟೊ ಎಲ್ಲ ಸೇರಿಸಿ ಮೇಲಧಿಕಾರಿಗೆ ಅರ್ಜಿ ಕೊಟ್ಟೆವು. ಅದು ಓಡಾಡುತ್ತಿರುವಾಗಲೇ ಹುಡುಗ ರಾಜಿಯಾದ. ಅಂಗಡಿ ಮಾಲೀಕರು ಕೆಟ್ಟವರಲ್ಲ. ಆದರೆ ಕೋರ್ಟು ಠಾಣೆ ಅಂತ ವಾರಕ್ಕೆರಡು ದಿನ ರಜೆ ಹಾಕುವ ಹುಡುಗನನ್ನು ಅವರಾದರೂ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ರಾಜಿ ಪತ್ರಕ್ಕೆ ಸಹಿ ಹಾಕುವಾಗ ಅವನು ನನ್ನ ಮುಖ ನೋಡಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಅದಕ್ಕೇ ಹೇಳುತ್ತೇನೆ, ನಮ್ಮಲ್ಲಿ ಅಧಿಕಾರ ಜಾಸ್ತಿ ಮಾಡಿ ಅನ್ನುವ ಮೊದಲು, ಇರುವ ರಕ್ಷಣೆ ಆ ವ್ಯಕ್ತಿಯ ಹೆಸರಿಗೆ ಬಂದು ಸೇರಬೇಕು. ಈ ಕ್ರಮ ತಪ್ಪಿದರೆ ಅನಾಹುತ.

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಹಳ್ಳಿಗಳಲ್ಲಿ ತಳವಾರ ಅಂತ ಇದ್ದ. ತೋಟಿ ಇದ್ದ, ನೀರಗಂಟಿ ಇದ್ದ. ತಳವಾರ ಊರು ಕಾಯುತ್ತಿದ್ದ, ಕಳ್ಳನನ್ನು ಹಿಡಿದು ಗೌಡರ ಮುಂದೆ ತರುತ್ತಿದ್ದ, ಉಳಿದ ಹೊತ್ತು ಹೊಲದ ಕೆಲಸ. ಅರೆಕಾಲಿಕ ಪೊಲೀಸ್ ಅಂದರೆ ಅದೇ ಅಲ್ವಾ? ಅದಕ್ಕೆ ಪ್ರತಿಯಾಗಿ ಇನಾಂ ಜಮೀನು. ಆ ಪದ್ಧತಿಯಲ್ಲಿ ಅನ್ಯಾಯ ಬೇಕಾದಷ್ಟಿತ್ತು. ಅಪ್ಪ ತಳವಾರ ಆದರೆ ಮಗನೂ ತಳವಾರ, ಜಾತಿಯ ಕಟ್ಟು ಬೇರೆ, ಬಿಟ್ಟಿ ದುಡಿಮೆ ಬೇರೆ. ಅದು ಹೋಗಬೇಕಾಗಿತ್ತು, ಹೋಯಿತು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ನಡುವಿನ 1962ರಲ್ಲಿ ಗೃಹರಕ್ಷಕರ ಕಾಯ್ದೆ. ಒಂದು ಹೋಗುವ ಹೊತ್ತಿಗೆ ಇನ್ನೊಂದು ಬಂತು. ಆದರೆ ತಳವಾರನ ವಿಷಯದಲ್ಲಿ ಒಂದು ಮಾತು ನಿಜ. ಊರಿಗೆಲ್ಲ ಅವನ ಹೆಸರು ಗೊತ್ತಿತ್ತು. ಅವನನ್ನು ಮುಟ್ಟಿದರೆ ಯಾರನ್ನು ಮುಟ್ಟಿದೆವು ಅಂತ ಮುಟ್ಟಿದವನಿಗೆ ಗೊತ್ತಿರುತ್ತಿತ್ತು. ಅವನು ತಪ್ಪು ಮಾಡಿದರೆ ಯಾರನ್ನು ಹಿಡಿದು ಕೇಳಬೇಕು ಅಂತ ಊರಿಗೂ ಗೊತ್ತಿರುತ್ತಿತ್ತು.

ನಿಮ್ಮ ದಳ ಶುರುವಾದದ್ದು 1946ರ ಡಿಸೆಂಬರ್ 6ರಂದು, ಆಗಿನ ಬಾಂಬೆಯಲ್ಲಿ. ಮೊರಾರ್ಜಿ ದೇಸಾಯಿ ಅವರು ಮುಂದೆ ನಿಂತು ಕಟ್ಟಿದರು. ಗಲಭೆಯ ಕಾಲ. ಪೊಲೀಸರ ಜೊತೆ ನಿಲ್ಲಲು ಊರಿನವರೇ ಬೇಕು ಅನ್ನುವ ಯೋಚನೆ. ಸ್ವಯಂಸೇವೆ, ಗೌರವಧನ, ಕರೆದಾಗ ಬರುವುದು. ಈಗಲೂ ಕಾಗದದ ಮೇಲೆ ಇದು ಸ್ವಯಂಸೇವೆಯೇ. ಆದರೆ ನಡೆಯುತ್ತಿರುವುದೇನು? ನಮ್ಮ ಸಿಗ್ನಲ್‌ಗಳಲ್ಲಿ, ಪರೀಕ್ಷಾ ಕೇಂದ್ರಗಳಲ್ಲಿ, 2020ರ ಲಾಕ್‌ಡೌನ್‌ನಲ್ಲಿ ನಿಂತವರು ಯಾರು ಅಂತ ನೀವೇ ನೋಡಿದ್ದೀರಿ. ಕರೆದಾಗ ಬರುವವರು ಅಂತ ಹೇಳಿ ದಿನಾ ಕರೆಯುತ್ತಾರೆ.

ಇದನ್ನು ಸುಪ್ರೀಂ ಕೋರ್ಟ್ ಗಮನಿಸಿದೆ. ಹಿಮಾಚಲ ಪ್ರದೇಶದ ಗೃಹರಕ್ಷಕರ ಸಂಘ ಹೂಡಿದ ಕೇಸಿನಲ್ಲಿ 2015ರ ಮಾರ್ಚ್ 11ರಂದು ತೀರ್ಪು ಬಂತು. ಕಾಯಂ ಮಾಡಿ ಅನ್ನುವ ಬೇಡಿಕೆಯನ್ನು ಒಪ್ಪಲಿಲ್ಲ. ಆದರೆ ಕರ್ತವ್ಯ ಭತ್ಯೆ ಎಷ್ಟಿರಬೇಕು ಅಂದರೆ, ಮೂವತ್ತು ದಿನದ್ದು ಕೂಡಿದಾಗ ಆ ರಾಜ್ಯದ ಪೊಲೀಸರಿಗೆ ಸಿಗುವ ಕನಿಷ್ಠ ವೇತನದಷ್ಟಾದರೂ ಆಗಬೇಕು ಅಂತ ಹೇಳಿತು. ಅರ್ಧ ಗೆಲುವು. ದುಡ್ಡಿನ ಮಾತು ಬಂತು, ಪೆಟ್ಟು ತಿಂದಾಗಿನ ಮಾತು ಬರಲಿಲ್ಲ. ಆ ಕೇಸಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ ಬಿಡಿ.

ಈಗ ಅಧಿಕಾರದ ವಿಷಯ. ಕಾನೂನು ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನ ಕೊಡಿ. "ಪೊಲೀಸರಿಗೆ ಇರುವಷ್ಟೇ ಅಧಿಕಾರ" ಅನ್ನುವ ಮಾತು ಕೇಳಲು ಚೆನ್ನಾಗಿದೆ. ಆದರೆ ಅದೇ ಮಾತು ಛತ್ತೀಸ್‌ಗಢದಲ್ಲಿ ಏನು ಮಾಡಿತು? ಅಲ್ಲಿ ನಕ್ಸಲರ ವಿರುದ್ಧ ಸರ್ಕಾರದ ಬೆಂಬಲದಿಂದ ನಡೆದ ಸಾಲ್ವಾ ಜುಡುಂ ಅನ್ನುವ ಕಾರ್ಯಾಚರಣೆಯ ಕಾಲದಲ್ಲಿ ಆದಿವಾಸಿ ಹುಡುಗರನ್ನು ವಿಶೇಷ ಪೊಲೀಸ್ ಅಧಿಕಾರಿ ಅಂತ ನೇಮಿಸಿದರು. ಎಸ್‌ಪಿಓ. ತಿಂಗಳಿಗೆ 3,000 ರೂಪಾಯಿ ಗೌರವಧನ. ಐದನೇ ಕ್ಲಾಸ್ ಪಾಸಾದವರೂ ಇದ್ದರು. ಕೈಗೆ ಬಂದೂಕು ಕೊಟ್ಟು, ಸ್ವಲ್ಪ ದಿನ ತರಬೇತಿ ಕೊಟ್ಟು, ನಕ್ಸಲರ ಎದುರು ನಿಲ್ಲಿಸಿದರು. ಅಧಿಕಾರ ಪೂರ್ತಿ, ಕಾಗದದಲ್ಲಿ ಕೊರತೆಯೇ ಇಲ್ಲ. ಸಮಾಜಶಾಸ್ತ್ರಜ್ಞೆ ನಂದಿನಿ ಸುಂದರ್ ಅವರ ಕೇಸಿನಲ್ಲಿ 2011ರ ಜುಲೈ 5ರಂದು ಸುಪ್ರೀಂ ಕೋರ್ಟ್ ಇದನ್ನು ನಿಲ್ಲಿಸಿತು. ಸಂವಿಧಾನದ 14 ಮತ್ತು 21ನೇ ವಿಧಿಗೆ ವಿರುದ್ಧ ಅಂತ ಹೇಳಿತು. ಈ ತೀರ್ಪನ್ನು ಬರೀ ಹಳ್ಳಿಯ ಜನರ ಪರವಾದ ತೀರ್ಪು ಅಂತ ಓದಬೇಡಿ. ಅದು ಆ ಹುಡುಗರ ಪರವಾದ ತೀರ್ಪೂ ಹೌದು. ತಯಾರಿ ಇಲ್ಲದವನ ಹೆಗಲಿಗೆ ಪೂರ್ತಿ ಅಧಿಕಾರ ಹೊರಿಸಿದರೆ ಮೊದಲು ಕುಸಿಯುವುದು ಅವನೇ.

ನಮ್ಮ ಊರಿನ ಸ್ಥಿತಿ ಅದಲ್ಲ, ನಾನು ಒಪ್ಪುತ್ತೇನೆ. ಆದರೆ ಪ್ರಶ್ನೆ ಅದೇ. ಕಲಿಸದೆ ಅಧಿಕಾರ ಕೊಡಬಹುದಾ? ನನ್ನ ಮೂರು ವರ್ಷದಲ್ಲಿ ಎಡಗಾಲು ಬಲಗಾಲು ಕಲಿಸಿದರು, ಸೆಲ್ಯೂಟ್ ಕಲಿಸಿದರು, ಪ್ರಥಮ ಚಿಕಿತ್ಸೆ ಕಲಿಸಿದರು, ಬೆಂಕಿ ಆರಿಸುವುದು ಕಲಿಸಿದರು. ಅದೆಲ್ಲ ಜೀವ ಉಳಿಸುವ ವಿದ್ಯೆ. ಆದರೆ ಒಬ್ಬ ಮನುಷ್ಯನ ರಟ್ಟೆ ಯಾವಾಗ ಹಿಡಿಯಬಹುದು, ಯಾವಾಗ ಹಿಡಿಯಬಾರದು, ಹಿಡಿದ ಮೇಲೆ ಎಷ್ಟು ಹೊತ್ತಿನೊಳಗೆ ಯಾರಿಗೆ ಒಪ್ಪಿಸಬೇಕು, ಇದನ್ನು ಒಂದು ದಿನವೂ ಯಾರೂ ಹೇಳಲಿಲ್ಲ. ಲಾ ಕಾಲೇಜಿನಲ್ಲಿ ಓದಿದ್ದಕ್ಕೆ ನನಗೆ ಗೊತ್ತಾಯಿತು. ನನ್ನ ಪಕ್ಕ ನಿಂತ ಟೈಲರ್‌ಗೆ, ಆಟೊ ಡ್ರೈವರ್‌ಗೆ ಯಾರು ಹೇಳಬೇಕು?

ಡ್ಯೂಟಿ ಇಲ್ಲದಾಗ ನೀವು ಎಲ್ಲರಂತೆ ಸಾಮಾನ್ಯ ಪ್ರಜೆ. ಆಗಲೂ ಒಂದು ಅಧಿಕಾರ ಇದೆ. ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ. ನಿಮ್ಮ ಕಣ್ಣೆದುರೇ ಯಾರಾದರೂ ಜಾಮೀನು ಇಲ್ಲದ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ ಮಾಡಿದರೆ ಯಾರು ಬೇಕಾದರೂ ಹಿಡಿಯಬಹುದು. ಆದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಳೆಯ ಕಾಯ್ದೆಯಲ್ಲಿ ಈ ಆರು ಗಂಟೆ ಇರಲಿಲ್ಲ, ಹೊಸದಾಗಿ ಬಂದಿದೆ. ಮತ್ತೆ, ಕೇಳಿಸಿಕೊಂಡದ್ದಕ್ಕೆ, ಅನುಮಾನಕ್ಕೆ ಹಿಡಿಯುವಂತಿಲ್ಲ. ಡ್ಯೂಟಿ ಮೇಲಿದ್ದಾಗಿನ ಅಧಿಕಾರ ಇದಕ್ಕಿಂತ ಬೇರೆ. ಎರಡರ ನಡುವಿನ ಗೆರೆ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ, ಒಳ್ಳೆಯ ಮನಸ್ಸಿನಿಂದ ಹೋಗಿ ಅಕ್ರಮ ಬಂಧನದ ಕೇಸ್ ಹಾಕಿಸಿಕೊಳ್ಳುತ್ತೀರಿ.

ನಾನು ಯಾವ ಅಧಿಕಾರ ಕೇಳುತ್ತೇನೆ ಅಂದರೆ, ಕಡಿಮೆ ಕೇಳುತ್ತೇನೆ, ಆದರೆ ಬರೆದು ಕೊಡಿ ಅನ್ನುತ್ತೇನೆ. ಬಂದೋಬಸ್ತ್ ಜಾಗದಲ್ಲಿ ಗಾಡಿ ನಿಲ್ಲಿಸುವ, ತಿರುಗಿಸಿ ಕಳಿಸುವ, ಮಾತು ಕೇಳದವನ ಗಾಡಿ ನಂಬರ್ ಮತ್ತು ಫೋಟೊ ತೆಗೆದು ದಾಖಲೆ ಮಾಡುವ ಸ್ಪಷ್ಟ ಅಧಿಕಾರ. ಆ ದಾಖಲೆಯ ಮೇಲೆ ಠಾಣೆ ಕ್ರಮ ತೆಗೆದುಕೊಳ್ಳಲೇಬೇಕು ಅನ್ನುವ ನಿಯಮ. ಹೊಡೆದಾಟ ನಡೆಯುವಾಗ ಬಿಡಿಸಿ, ಹಿಡಿದು, ಹೊತ್ತು ಬರೆದು ಒಪ್ಪಿಸುವ ಅಧಿಕಾರ. ದಂಡ ವಸೂಲಿ ಬೇಡ. ವಿಚಾರಣೆ ಬೇಡ. ಅನುಮಾನದ ಮೇಲೆ ಬಂಧನ ಬೇಡ. ಇದನ್ನು ಹೇಳಿದರೆ ಇಲ್ಲಿ ಕೆಲವರಿಗೆ ಬೇಜಾರಾಗಬಹುದು. ಪೊಲೀಸ್ ಕೆಲಸವೆಲ್ಲ ಮಾಡುತ್ತೇವೆ, ಅಧಿಕಾರ ಮಾತ್ರ ಯಾಕೆ ಅರ್ಧ ಅಂತ. ದಂಡದ ದುಡ್ಡು ಕೈಯಲ್ಲಿ ಬಂದ ದಿನ ಜನ ನಿಮ್ಮನ್ನು ನೋಡುವ ಕಣ್ಣು ಬದಲಾಗುತ್ತದೆ. ಈಗ ಜಾತ್ರೆಯಲ್ಲಿ ಮಗು ಕಳೆದರೆ ತಾಯಿ ಮೊದಲು ಓಡಿ ಬರುವುದು ನಿಮ್ಮ ಹತ್ತಿರ. ಅದನ್ನು ಕಳೆದುಕೊಳ್ಳಬೇಡಿ.

ಮಹಿಳಾ ಗೃಹರಕ್ಷಕರ ಬಗ್ಗೆ ಒಂದು ಮಾತು ಬಿಡಬಾರದು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು, ಮರ್ಯಾದೆಗೆ ಕುಂದು ಬರದಂತೆ ಮಾಡಬೇಕು ಅಂತ ಕಾನೂನು ಇದೆ. ನಾಯಕನಹಟ್ಟಿಯ ತೇರಿನಂಥ ಜನಜಾತ್ರೆಗೆ ಮಹಿಳಾ ಪೊಲೀಸರು ಎಷ್ಟಿದ್ದರೂ ಸಾಲುವುದಿಲ್ಲ. ಅಲ್ಲಿ ಆ ಕೆಲಸಕ್ಕೆ ನಿಲ್ಲುವವರು ನಮ್ಮ ಹೆಣ್ಣುಮಕ್ಕಳು. ರಾತ್ರಿ ಎರಡು ಗಂಟೆಗೆ ಡ್ಯೂಟಿ ಮುಗಿದ ಮೇಲೆ ಅವರು ಮನೆಗೆ ಹೇಗೆ ಹೋಗುತ್ತಾರೆ? ಪೊಲೀಸ್ ವ್ಯಾನ್ ಪೊಲೀಸರನ್ನು ಕರೆದುಕೊಂಡು ಹೋಗುತ್ತದೆ. ಇವರು ಯಾರದೋ ಗಾಡಿ ಹತ್ತಿ ಹೋಗುತ್ತಾರೆ. ಡ್ಯೂಟಿ ಅಂದರೆ ಮನೆ ಬಿಟ್ಟ ಹೊತ್ತಿನಿಂದ ಮನೆ ಮುಟ್ಟುವ ಹೊತ್ತಿನವರೆಗೆ ಅಂತ ಕಾಯ್ದೆಯಲ್ಲೇ ಬರಬೇಕು. ದಾರಿಯಲ್ಲಿ ಅಪಘಾತವಾದರೆ ಪರಿಹಾರಕ್ಕೆ ಓಡಾಡುವಾಗ ಈ ಒಂದು ಸಾಲು ಇದೆಯಾ ಇಲ್ವಾ ಅನ್ನುವುದರ ಮೇಲೆ ಒಂದು ಸಂಸಾರ ನಿಂತಿರುತ್ತದೆ.

ಬೇರೆ ಕಡೆ ಹೇಗಿದೆ? ಇಂಗ್ಲೆಂಡಿನಲ್ಲಿ ಸ್ಪೆಷಲ್ ಕಾನ್‌ಸ್ಟೆಬಲ್ ಅಂತ ಇದ್ದಾರೆ. 1831ರಷ್ಟು ಹಿಂದೆಯೇ ಅವರಿಗಾಗಿ ಕಾಯ್ದೆ ಬಂತು. ಮೇಷ್ಟ್ರು, ಅಂಗಡಿಯವರು, ನರ್ಸು, ಹೀಗೆ ಎಲ್ಲ ಥರದವರು. ಸಂಬಳ ಇಲ್ಲ. ಆದರೆ ಪ್ರಮಾಣ ವಚನ ತೆಗೆದುಕೊಂಡ ಮೇಲೆ ಕಾನ್‌ಸ್ಟೆಬಲ್‌ಗೆ ಇರುವ ಅಧಿಕಾರ ಪೂರ್ತಿ ಇದೆ. ಮೊದಲು ತಮ್ಮ ಮತ್ತು ಅಕ್ಕಪಕ್ಕದ ಪೊಲೀಸ್ ವ್ಯಾಪ್ತಿಯಲ್ಲಿ ಮಾತ್ರ ಆ ಅಧಿಕಾರ ನಡೆಯುತ್ತಿತ್ತು, 2007ರಿಂದ ಇಂಗ್ಲೆಂಡ್, ವೇಲ್ಸ್ ಎಲ್ಲ ಕಡೆ. ಕಷ್ಟ ಬಂದಾಗ ಬೆನ್ನಿಗೆ ನಿಲ್ಲುವ ಪೊಲೀಸ್ ಫೆಡರೇಷನ್‌ಗೆ ಅವರೂ ಸೇರಬಹುದು ಅನ್ನುವ ಕಾನೂನು ಬಂದದ್ದು 2022ರಲ್ಲಿ. ಲೆಕ್ಕ ಹಾಕಿ. ಅಧಿಕಾರಕ್ಕೂ ಆಸರೆಗೂ ನಡುವೆ ಎಷ್ಟು ವರ್ಷ! ನಾವು ಅಷ್ಟು ಕಾಯಬೇಕಾಗಿಲ್ಲ. ಪೊಲೀಸ್ ಅನ್ನುವುದು ನಮ್ಮ ಸಂವಿಧಾನದಲ್ಲಿ ರಾಜ್ಯದ ಪಟ್ಟಿಯಲ್ಲಿರುವ ವಿಷಯ. ನಮ್ಮ ಶಾಸಕರೇ ತಿದ್ದಬಹುದು, ದೆಹಲಿಗೆ ಹೋಗಬೇಕಾಗಿಲ್ಲ.

ಕೆಲಸದ ರಕ್ಷಣೆಗೆ ನಮ್ಮ ದೇಶದಲ್ಲೇ ಮಾದರಿ ಇದೆ. ಟೆರಿಟೋರಿಯಲ್ ಆರ್ಮಿ. ಅದೂ ಅರೆಕಾಲಿಕ ಸೇನೆಯೇ. ಅದರ ಕಾಯ್ದೆಯಲ್ಲಿ, ಸೇವೆಗೆ ಕರೆದವನು ವಾಪಸ್ ಬಂದಾಗ ಅವನ ಕೆಲಸ ಅವನಿಗೆ ಮರಳಿ ಕೊಡಬೇಕಾದದ್ದು ಮಾಲೀಕನ ಹೊಣೆ ಅಂತ ಇದೆ. ಸೈನಿಕನಿಗೆ ಇದು ಬೇಕು ಅಂತ ದಶಕಗಳ ಹಿಂದೆಯೇ ಹೊಳೆದಿತ್ತು. ಚೌಕಿಪೇಟೆಯ ಆ ಹುಡುಗನಿಗೆ ಸಾಕ್ಷಿ ಹೇಳಲು ನಾಲ್ಕು ದಿನದ ರಜೆ, ಆ ದಿನದ ಭತ್ಯೆ, ಸರ್ಕಾರದ ಖರ್ಚಿನಲ್ಲಿ ಒಬ್ಬ ವಕೀಲ, ಇಷ್ಟು ಇದ್ದಿದ್ದರೆ ಅವನು ರಾಜಿ ಆಗುತ್ತಿರಲಿಲ್ಲ. ಇದು ನನ್ನ ಗಟ್ಟಿ ನಂಬಿಕೆ.

ಹಿಂದಿನ ಸಾಲಿನಲ್ಲಿ ಒಬ್ಬ ತಂಗಿ ಚೀಟಿ ಕಳಿಸಿದ್ದಾರೆ. "ಸರ್, ಹೋಂ ಗಾರ್ಡ್ ತಪ್ಪು ಮಾಡಿದರೆ ಜನರು ಎಲ್ಲಿಗೆ ಹೋಗಬೇಕು?" ಒಳ್ಳೆಯ ಪ್ರಶ್ನೆ, ಖಾಕಿ ಹಾಕಿದವರು ಇದಕ್ಕೆ ಮುಖ ತಿರುಗಿಸಬಾರದು. ಲಾಠಿ ಹಿಡಿದ ಕೈ ಯಾರದ್ದಾದರೂ ಜನಕ್ಕೆ ನೋವಾಗುವುದು ಒಂದೇ ಥರ. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು? ಬಂಧಿಸುವ ಪೊಲೀಸರ ಎದೆಯ ಮೇಲೆ ಹೆಸರು, ಹುದ್ದೆ ಕಣ್ಣಿಗೆ ಕಾಣುವಂತೆ ಇರಬೇಕು. ಈಗಿನ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲೂ ಹೆಸರಿನ ಮಾತಿದೆ. ಹಾಗಾಗಿ ತಂಗಿ, ನಿಮಗೂ ಆ ಹುಡುಗನಿಗೂ ಉತ್ತರ ಒಂದೇ. ಆದೇಶದಲ್ಲಿ ಹೆಸರು ಇರಲಿ, ಎದೆಯ ಮೇಲೆ ಹೆಸರು ಇರಲಿ. ಹೊಡೆಸಿಕೊಂಡಾಗ ಅದೇ ಹೆಸರು ಅವನನ್ನು ಕಾಯುತ್ತದೆ. ಅವನೇ ಹೊಡೆದರೆ ಅದೇ ಹೆಸರು ಹಿಡಿದು ನೀವು ದೂರು ಕೊಡುತ್ತೀರಿ. ಈಗ ನಿಮ್ಮ ಶರ್ಟುಗಳನ್ನೇ ನೋಡಿಕೊಳ್ಳಿ. ಎಷ್ಟು ಜನರ ಎದೆಯ ಮೇಲೆ ಹೆಸರಿನ ಪಟ್ಟಿ ಇದೆ? ಪಿನ್ನು ಮುರಿದು ಜೇಬಿನಲ್ಲಿ ಇಟ್ಟುಕೊಂಡವರು ಇವತ್ತೇ ಸರಿ ಮಾಡಿಸಿ.

ಕಾಯ್ದೆ ತಿದ್ದುಪಡಿಗೆ ಹೊತ್ತು ಹಿಡಿಯುತ್ತದೆ. ಅದಕ್ಕೆ ಅರ್ಜಿ ತಯಾರು ಮಾಡುತ್ತಿದ್ದೇವೆ, ದಳದ ಸಮಾದೇಷ್ಟರಿಗೂ (ಕಮಾಂಡೆಂಟ್) ಶಾಸಕರಿಗೂ ಕೊಡುತ್ತೇವೆ. ಅಲ್ಲಿಯವರೆಗೆ ಸುಮ್ನೆ ಕೂರುವುದು ಬೇಡ. ನಾನು ಒಂದು ಹಾಳೆ ತಯಾರು ಮಾಡಿಕೊಂಡು ಬಂದಿದ್ದೇನೆ. ಬರೀ ಐದು ಕಾಲಂ. ಹೆಸರು, ನಂಬರ್, ನಿಂತ ಜಾಗ, ಬಂದ ಹೊತ್ತು, ಬಿಟ್ಟ ಹೊತ್ತು. ಕೆಳಗೆ ಸ್ಥಳದಲ್ಲಿರುವ ಪೊಲೀಸ್ ಅಧಿಕಾರಿಯ ಸಹಿಗೆ ಜಾಗ. ಡ್ಯೂಟಿಗೆ ನಿಂತ ಕೂಡಲೇ ತುಂಬಿ ಸಹಿ ಮಾಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು ನಿಮ್ಮ ಘಟಕಾಧಿಕಾರಿಗೆ ಕಳಿಸಿ. ಸಹಿ ಹಾಕಲು ಯಾರಾದರೂ ಹಿಂದೆ ಮುಂದೆ ನೋಡಿದರೆ, ಅದನ್ನೂ ಹೊತ್ತು ಹಾಕಿ ಬರೆದುಕೊಳ್ಳಿ. ಬಾಗಿಲ ಹತ್ತಿರದ ಮೇಜಿನ ಮೇಲೆ ಇನ್ನೂರು ಪ್ರತಿ ಇಟ್ಟಿದ್ದೇನೆ. ಒಬ್ಬೊಬ್ಬರು ಎರಡೆರಡು ತೆಗೆದುಕೊಳ್ಳಿ, ಒಂದು ನಿಮಗೆ, ಒಂದು ಇವತ್ತು ಬರಲಾಗದ ಗೆಳೆಯರಿಗೆ. ಕಾಲಂ ಯಾವುದಾದರೂ ಬಿಟ್ಟುಹೋಗಿದೆ ಅನ್ನಿಸಿದರೆ ಈಗಲೇ ಬಂದು ಹೇಳಿ, ಪೆನ್ನು ನನ್ನ ಹತ್ತಿರ ಇದೆ.